ದೀಪವನ್ನು ‘ತೆರೆಯುವುದು’: ಇಂಗ್ಲಿಷಿನ ‘ಓಪನ್’, ಚೀನೀ ಭಾಷೆಯ ‘ಖಾಯ್’, ಕನ್ನಡದ ‘ಬಿಡು’

ಸಿಂಗಪುರದಲ್ಲಿ ವಾರಕ್ಕೆ ಎರಡು ಸಂಜೆ, ಚೀನಾದಿಂದ ಕೆಲಸಕ್ಕೆ ಬಂದವರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಕಳೆದ ತಿಂಗಳು ಒಂದು ದಿನ ಪಾಠದ ನಡುವೆ ಮೋಡ ಕವಿದು ಕೋಣೆ ಮಸುಕಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ, ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ಎದ್ದು ಹೋಗಿ, ಗೋಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿ, ‘ಟೀಚರ್, ಐ ಓಪನ್ ದ ಲೈಟ್?’ ಎಂದು ಕೇಳಿದರು. ದೀಪಕ್ಕೆ ‘ಟರ್ನ್ ಆನ್’ ಎನ್ನಬೇಕೆಂದು ನಾನು ತಿದ್ದಿದೆ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತು, ಅರ್ಧ ಇಂಗ್ಲಿಷಿನಲ್ಲಿ ಅರ್ಧ ತಮ್ಮ ಭಾಷೆಯಲ್ಲಿ ಒಂದು ಪ್ರಶ್ನೆ ಹಾಕಿದರು: ಬಾಗಿಲಿಗೆ ಓಪನ್, ಅಂಗಡಿಗೆ ಓಪನ್, ಬ್ಯಾಂಕಿನ ಖಾತೆಗೆ ಓಪನ್, ನಲ್ಲಿಗೂ ಓಪನ್ ಎಂದರೆ ತಪ್ಪಿಲ್ಲ ಎಂದು ಹಿಂದಿನ ವಾರ ನೀವೇ ಹೇಳಿದಿರಿ, ಹಾಗಾದರೆ ದೀಪ ಮಾಡಿದ ತಪ್ಪೇನು?

ಆ ಸಂಜೆ ನಾನು ಸರಿಯಾದ ಉತ್ತರ ಕೊಡಲಿಲ್ಲ. ಇಂಗ್ಲಿಷಿನವರು ಹಾಗೆ ಹೇಳುವುದಿಲ್ಲ ಎಂದಷ್ಟೇ ಹೇಳಿದೆ. ಕಲಿಯುವವರಿಗೆ ಅಂಥ ಉತ್ತರದಿಂದ ಏನೂ ದಕ್ಕುವುದಿಲ್ಲ. ಅಂದಿನಿಂದ ಈ ಪದವನ್ನು ಮೂರೂ ಭಾಷೆಗಳಲ್ಲಿ ಇಟ್ಟು ನೋಡುತ್ತಿದ್ದೇನೆ. ಕಂಡದ್ದನ್ನು ಇಲ್ಲಿ ಬರೆದು, ಕೊನೆಗೆ ಕನ್ನಡದ ಬಳಕೆಯ ಬಗ್ಗೆ ಬಲ್ಲವರಲ್ಲಿ ಒಂದು ವಿಷಯ ಕೇಳಬೇಕೆಂದಿದ್ದೇನೆ.

ಚೀನೀ ಭಾಷೆಯಲ್ಲಿ ‘ಓಪನ್’ಗೆ ಸಾಟಿಯೆಂದು ಎಲ್ಲ ಪಠ್ಯಗಳೂ ಕೊಡುವ ಪದ ‘ಖಾಯ್’. 1958ರಲ್ಲಿ ಜಾರಿಗೆ ಬಂದ ರೋಮನ್ ಬರವಣಿಗೆಯಲ್ಲಿ ಇದನ್ನು ಬರೆದದ್ದನ್ನು ಕಂಡವರು ‘ಕಾಯ್’ ಎಂದು ಓದುತ್ತಾರೆ, ಆದರೆ ಉಚ್ಚಾರಣೆಯಲ್ಲಿ ಮೊದಲ ಅಕ್ಷರ ಮಹಾಪ್ರಾಣ. ಕನ್ನಡ ಲಿಪಿಯಲ್ಲಿ ಇದನ್ನು ತೋರಿಸಲು ‘ಖ’ ಸಿದ್ಧವಾಗಿಯೇ ಇದೆ ಎಂಬುದು ನನಗೆ ಸಂತೋಷದ ಸಂಗತಿ. ಈ ಪದದ ಹಳೆಯ ಲಿಪಿರೂಪದಲ್ಲಿ ಎರಡು ರೆಕ್ಕೆಯ ಬಾಗಿಲಿನ ಚಿತ್ರವಿದೆ. ಅದರ ಒಳಗೆ ಅಗಳಿಯೊಂದು, ಆ ಅಗಳಿಯನ್ನು ಎತ್ತುತ್ತಿರುವ ಎರಡು ಕೈಗಳು. ತೈವಾನ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಇಂದಿಗೂ ಬಾಗಿಲಿರುವ ರೂಪವನ್ನೇ ಬರೆಯುತ್ತಾರೆ. ಚೀನಾದಲ್ಲಿ 1950 ಮತ್ತು 60ರ ದಶಕಗಳಲ್ಲಿ ಲಿಪಿಯನ್ನು ಸರಳಗೊಳಿಸಿದಾಗ ಬಾಗಿಲು ಬಿಟ್ಟುಹೋಗಿ, ಅಗಳಿ ಮತ್ತು ಕೈಗಳ ಭಾಗ ಮಾತ್ರ ಉಳಿಯಿತು. ಅರ್ಥದ ವಿಷಯದಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಆಗಿದೆ ಎಂದು ನನಗೆ ತೋರುತ್ತದೆ: ಬಾಗಿಲು ಇರಲಿ ಇಲ್ಲದಿರಲಿ, ತಡೆದು ನಿಲ್ಲಿಸಿದ್ದನ್ನು ಸಡಿಲಿಸುವ ಕ್ರಿಯೆಯೇ ‘ಖಾಯ್’.

ಅದರ ವ್ಯಾಪ್ತಿ ಎಷ್ಟು ದೊಡ್ಡದೆಂದರೆ, ದೀಪ, ಫ್ಯಾನು, ಟಿ.ವಿ. ಹಾಕುವುದು ‘ಖಾಯ್’, ಕಾರು ಓಡಿಸುವುದು ‘ಖಾಯ್’, ಸಭೆ ನಡೆಸುವುದು, ವೈದ್ಯರು ಔಷಧಿ ಚೀಟಿ ಬರೆದುಕೊಡುವುದು, ಅಂಗಡಿಯವರು ರಸೀದಿ ಕೊಡುವುದು, ಬಂದೂಕು ಹಾರಿಸುವುದು, ಹೂವು ಅರಳುವುದು, ರಜೆ ಮುಗಿದು ಶಾಲೆ ಶುರುವಾಗುವುದು, ಎಲ್ಲವೂ ‘ಖಾಯ್’. ನೀರು ಕುದಿಯಿತು ಎನ್ನಲು ‘ನೀರು ಖಾಯ್ ಆಯಿತು’ ಎನ್ನುತ್ತಾರೆ, ಆದ್ದರಿಂದ ಕುದಿಸಿದ ನೀರಿನ ಹೆಸರೇ ‘ಖಾಯ್ ನೀರು’. ಮನಸ್ಸು ಹಿಗ್ಗುವುದಕ್ಕೆ ‘ಖಾಯ್ ಹೃದಯ’ ಎಂಬ ಜೋಡುಪದವಿದೆ. ವಿದ್ಯುತ್ ಸ್ವಿಚ್ಚಿಗೆ ಅವರಲ್ಲಿ ‘ಖಾಯ್‌ಕ್ವಾನ್’ ಎಂದು ಹೆಸರು. ಬಿಡಿಸಿ ಹೇಳಿದರೆ ‘ತೆರೆ-ಮುಚ್ಚು’. ಸ್ವಿಚ್ಚಿನ ಹೆಸರಲ್ಲೇ ತೆರೆಯುವ ಕ್ರಿಯೆ ಇರುವಾಗ, ಆ ಮಹಿಳೆಗೆ ದೀಪವನ್ನು ತೆರೆಯುವುದು ಸಹಜವಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಕ್ಯಾಂಟನೀಸ್ ಮತ್ತು ಹೊಕ್ಕಿಯೆನ್ ಮಾತಾಡುವವರಲ್ಲಿಯೂ ಉಚ್ಚಾರಣೆ ಬೇರೆಯಾದರೂ ಇದೇ ಪದ ಇದೇ ಕೆಲಸ ಮಾಡುವುದರಿಂದ, ಸಿಂಗಪುರ ಮತ್ತು ಮಲೇಷ್ಯಾಗಳ ಆಡುಮಾತಿನ ಇಂಗ್ಲಿಷಿನಲ್ಲಿ ‘ಓಪನ್ ದ ಲೈಟ್’ ಎಂಬುದು ತಲೆಮಾರುಗಳಿಂದ ಕೇಳಿಬರುತ್ತಿದೆ.

ಇದನ್ನು ಚೀನೀಯರ ವಿಚಿತ್ರ ತಪ್ಪೆಂದು ಭಾವಿಸುವುದು ಅನ್ಯಾಯ. ಗ್ರೀಕ್ ಭಾಷೆಯಲ್ಲಿ ದೀಪವನ್ನು ತೆರೆಯುತ್ತಾರೆ. ಕೆನಡಾದ ಕ್ವಿಬೆಕ್ ಪ್ರಾಂತದ ಫ್ರೆಂಚ್ ಆಡುಮಾತಿನಲ್ಲಿ ತೆರೆಯುತ್ತಾರೆ. ಫಿಲಿಪೀನ್ಸಿನ ಇಂಗ್ಲಿಷಿನಲ್ಲಿಯೂ ತೆರೆಯುತ್ತಾರೆ. ನಮ್ಮ ಉತ್ತರ ಕರ್ನಾಟಕದ ಮಾತಿನಲ್ಲಿ ‘ಲೈಟ್ ಬಂದ್ ಮಾಡು’, ‘ಫ್ಯಾನ್ ಬಂದ್ ಮಾಡು’ ಎನ್ನುತ್ತಾರಲ್ಲ, ಅಲ್ಲಿನ ‘ಬಂದ್’ ಎಂಬುದು ಮುಚ್ಚಿದ ಬಾಗಿಲಿಗೂ ಮುಚ್ಚಿದ ಅಂಗಡಿಗೂ ಸಲ್ಲುವ ಪದವೇ. ಅಂದರೆ ಚೀನೀ ಜೋಡಿಯ ಅರ್ಧ ಭಾಗ ನಮ್ಮಲ್ಲೂ ಇದೆ: ನಾವು ದೀಪವನ್ನು ಮುಚ್ಚುತ್ತೇವೆ, ತೆರೆಯುವುದಿಲ್ಲ, ಅಷ್ಟೇ.

ದೀಪಕ್ಕೆ ಯಾವ ಕ್ರಿಯಾಪದ ಸೇರುತ್ತದೆ ಎಂಬುದನ್ನು ಹಲವು ವೇಳೆ ಆ ಕಾಲದ ಕೈಯ ಕೆಲಸವೇ ನಿರ್ಧರಿಸುತ್ತದೆ. ಎಣ್ಣೆಯ ದೀಪವನ್ನು ನಾವು ಹಚ್ಚುತ್ತೇವೆ. ವಿದ್ಯುತ್ತಿನ ದೀಪ ಬಂದ ಮೇಲೆ ‘ಲೈಟ್ ಹಾಕು’ ಎಂಬ ಮಾತು ಬಂದಿತು, ಏಕೆಂದರೆ ಅಲ್ಲಿ ಕೈ ಮಾಡುವುದು ಸ್ವಿಚ್ ಹಾಕುವ ಕೆಲಸವನ್ನು. ಚೀನೀಯರಲ್ಲೂ ಎಣ್ಣೆಯ ದೀಪಕ್ಕೆ ಮತ್ತು ಮೇಣದ ಬತ್ತಿಗೆ ‘ಖಾಯ್’ ಸಲ್ಲುವುದಿಲ್ಲ, ಅದಕ್ಕೆ ‘ತ್ಯೆನ್’ ಎಂಬ ಬೇರೆ ಪದವಿದೆ. ಚುಕ್ಕೆ ಎಂಬ ಅರ್ಥವೂ ಆ ಪದಕ್ಕಿದೆ, ಬೆಂಕಿಯನ್ನು ತುದಿಗೆ ಮುಟ್ಟಿಸುವ ಕ್ರಿಯೆಗೆ ಅದು ಒಪ್ಪುತ್ತದೆ. ಈ ಭೇದವನ್ನು ತರಗತಿಯಲ್ಲಿ ಎತ್ತಿದಾಗ ವಿದ್ಯಾರ್ಥಿಗಳ ಮುಖ ಬೆಳಗಿತು, ಏಕೆಂದರೆ ತಮ್ಮ ಭಾಷೆಯಲ್ಲಿಯೂ ಎಲ್ಲ ದೀಪಗಳಿಗೆ ಒಂದೇ ಪದವಿಲ್ಲ ಎಂಬುದನ್ನು ಅವರು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಈಗ ‘ಓಪನ್’ನ ಎಲ್ಲೆ ಎಲ್ಲಿದೆ ಎಂಬ ಪ್ರಶ್ನೆ. ಇಂಗ್ಲಿಷಿನಲ್ಲಿ ಇದು ಮೊದಲು ಗುಣವಾಚಕ, ಕ್ರಿಯಾಪದ ಅದರಿಂದ ಹುಟ್ಟಿದ್ದು. ತೆರೆದಿರುವ ಸ್ಥಿತಿಯೇ ಅದರ ಮೂಲ ಅರ್ಥ. ನಾನು ಈಗ ಹೇಳಿಕೊಡುತ್ತಿರುವ ಒರೆಗಲ್ಲು ಹೀಗಿದೆ: ಕ್ರಿಯೆ ಮುಗಿದ ಮೇಲೆ ಕೈಯೋ ಕಣ್ಣೋ ಮನುಷ್ಯರೋ ಒಳಗೆ ಹೋಗಲು ದಾರಿಯಾಯಿತೇ? ಆಗಿದ್ದರೆ ‘ಓಪನ್’. ಒಳಗೆ ಹೋಗುವ ಮಾತಿಲ್ಲದೆ, ಯಂತ್ರ ಕೆಲಸ ಮಾಡತೊಡಗಿದ್ದರೆ ‘ಟರ್ನ್ ಆನ್’. ಬಾಗಿಲು, ಪೆಟ್ಟಿಗೆ, ಪುಸ್ತಕ, ಕಾಗದ, ಅಂಗಡಿ ಎಲ್ಲವೂ ಈ ಒರೆಗೆ ನಿಲ್ಲುತ್ತವೆ. ಕಂಪ್ಯೂಟರಿನಲ್ಲಿರುವ ಫೈಲಿನ ಒಳಗೆ ಕಣ್ಣು ಹೋಗುತ್ತದೆ, ಆದ್ದರಿಂದ ಅದು ‘ಓಪನ್’. ಕಂಪ್ಯೂಟರನ್ನೇ ‘ಓಪನ್’ ಮಾಡಿದೆ ಎಂದರೆ ಇಂಗ್ಲಿಷಿನವರು ತಿರುಪು ಬಿಚ್ಚಿ ಒಳಗಿನ ತಂತಿಗಳನ್ನು ಹೊರಗೆ ಕಾಣಿಸಿದ ಚಿತ್ರವನ್ನು ಕಾಣುತ್ತಾರೆ. ದೀಪದ ವಿಷಯವೂ ಇದೇ. ನಲ್ಲಿ ಮತ್ತು ವಾಲ್ವ್ ಮಾತ್ರ ನಡುವೆ ನಿಲ್ಲುತ್ತವೆ, ಏಕೆಂದರೆ ಅಲ್ಲಿ ನೀರಿಗೆ ನಿಜವಾಗಿಯೂ ದಾರಿ ತೆರೆಯುತ್ತದೆ. ಹಾಗಾಗಿ ಅವಕ್ಕೆ ‘ಓಪನ್’, ‘ಟರ್ನ್ ಆನ್’ ಎರಡೂ ಸಲ್ಲುತ್ತವೆ.

ನೀರಿನಿಂದ ವಿದ್ಯುತ್ತಿಗೆ ದಾಟಿದ ಕೂಡಲೇ ‘ಓಪನ್’ ಪೂರ್ತಿ ತಿರುಗಿ ನಿಲ್ಲುತ್ತದೆ. ಇಂಗ್ಲಿಷಿನ ಭೌತಶಾಸ್ತ್ರದಲ್ಲಿ ಸರ್ಕ್ಯೂಟ್ ‘ಓಪನ್’ ಆಗಿದ್ದರೆ ವಿದ್ಯುತ್ ಹರಿಯುವುದಿಲ್ಲ, ದೀಪ ಆರಿರುತ್ತದೆ. ‘ಕ್ಲೋಸ್’ ಆದಾಗಲೇ ಉರಿಯುತ್ತದೆ. ತರಗತಿಯಲ್ಲಿದ್ದ ಎಲೆಕ್ಟ್ರಿಷಿಯನ್ ಒಬ್ಬರು ಇದನ್ನು ಕೇಳಿ ಕೂಡಲೇ ತಲೆಯಾಡಿಸಿದರು. ಚೀನೀ ಶಾಲಾ ಪುಸ್ತಕಗಳಲ್ಲೂ ಪ್ರಯೋಗ ಮಾಡುವಾಗ ಸ್ವಿಚ್ಚನ್ನು ಮುಚ್ಚಿದರೆ ದೀಪ ಹತ್ತುತ್ತದೆ ಎಂದೇ ಬರೆದಿರುತ್ತದೆ, ಮನೆಗೆ ಬಂದರೆ ಅದೇ ದೀಪವನ್ನು ತೆರೆಯುತ್ತಾರೆ. ಕೆಲಸದ ಜಾಗದಲ್ಲಿ ಈ ಗೊಂದಲದಿಂದ ಅಪಾಯವೂ ಆಗಬಹುದಾದ್ದರಿಂದ, ಅವರಿಗೆ ಇದನ್ನು ಎರಡು ಸಲ ಬರೆಸಿದೆ.

ಸಭೆಯ ವಿಷಯದಲ್ಲಿ ತಪ್ಪು ಇನ್ನೊಂದು ಬಗೆಯದು. ‘ನಿನ್ನೆ ನಾವು ಮೂರು ಗಂಟೆ ಮೀಟಿಂಗ್ ಓಪನ್ ಮಾಡಿದೆವು’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಒಬ್ಬರು ಬರೆದಿದ್ದರು. ‘ಓಪನ್ ಎ ಮೀಟಿಂಗ್’ ಎಂಬ ಮಾತು ಇಂಗ್ಲಿಷಿನಲ್ಲಿ ಇಲ್ಲದೆ ಇಲ್ಲ, ಆದರೆ ಅದು ಸಭೆಯ ಮೊದಲ ಕ್ಷಣಕ್ಕೆ ಮಾತ್ರ ಸಲ್ಲುತ್ತದೆ. ಮೂರು ಗಂಟೆ ನಡೆಯುವ ಕ್ರಿಯೆ ಅದಲ್ಲ. ‘ಖಾಯ್’ ಆರಂಭವನ್ನೂ ನಡೆಸುವುದನ್ನೂ ಒಟ್ಟಿಗೆ ಹೊತ್ತಿರುವುದರಿಂದ ಅವರಿಗೆ ಈ ಗೆರೆ ಕಾಣಿಸುವುದಿಲ್ಲ. ಕಾರು ಓಡಿಸುವುದಕ್ಕೆ ‘ಓಪನ್’ ಎಂದವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ, ‘ಡ್ರೈವ್’ ಎಂಬ ಒಂಟಿಪದವನ್ನು ಎಲ್ಲರೂ ಮೊದಲೇ ಕಲಿತಿರುತ್ತಾರೆ. ತಪ್ಪುಗಳು ಹೆಚ್ಚಾಗಿ ಬೀಳುವುದು ‘ಟರ್ನ್ ಆನ್’ನಂತಹ ಎರಡು ತುಂಡಿನ ಪದ ಬೇಕಾದಲ್ಲಿ.

ತಿದ್ದಲು ತುಂಬ ಕಷ್ಟವಾದದ್ದು ‘ದ ಶಾಪ್ ಈಸ್ ಓಪನ್ಡ್’ ಮತ್ತು ಅದರ ಜೊತೆಗಾರ ‘ದ ಶಾಪ್ ಈಸ್ ಕ್ಲೋಸ್’. ಇಲ್ಲಿ ಅರ್ಧ ತಪ್ಪು ಇಂಗ್ಲಿಷಿನದೇ. ಮುಚ್ಚಿದ ಸ್ಥಿತಿಗೆ ‘ಕ್ಲೋಸ್ಡ್’ ಎಂದು ಬಾಲ ಹಚ್ಚಬೇಕು, ತೆರೆದ ಸ್ಥಿತಿಗೆ ‘ಓಪನ್’ ಎಂದು ಬಾಲವಿಲ್ಲದೆ ಬಿಡಬೇಕು. ಬಾಲವಿಲ್ಲದ ‘ಕ್ಲೋಸ್’ ಗುಣವಾಚಕವಾದರೆ ಉಚ್ಚಾರಣೆಯೂ ಬದಲಾಗಿ ‘ಹತ್ತಿರ’ ಎಂಬ ಅರ್ಥ ಬರುತ್ತದೆ. ಚೀನೀ ಭಾಷೆಯಲ್ಲಿ ಬಾಗಿಲು ತೆರೆದುಕೊಂಡಿತು ಎನ್ನಲು ‘ಖಾಯ್’ ಮುಂದೆ ‘ಲ’ ಎಂಬ ಪ್ರತ್ಯಯವೂ, ತೆರೆದೇ ಇದೆ ಎನ್ನಲು ‘ಚ’ ಎಂಬ ಪ್ರತ್ಯಯವೂ ಸೇರುತ್ತದೆ, ಹೀಗಾಗಿ ಸ್ಥಿತಿಯನ್ನು ಹೇಳಬೇಕಾದಾಗಲೂ ಏನಾದರೊಂದನ್ನು ಅಂಟಿಸಬೇಕೆಂದು ಅವರ ಕಿವಿ ಬಯಸುತ್ತದೆ. ಕನ್ನಡದ ‘ತೆರೆಯಿತು’ ಮತ್ತು ‘ತೆರೆದಿದೆ’ಗಳ ನಡುವಣ ಭೇದ ಇದಕ್ಕೆ ಸರಿಯಾಗಿ ಹೊಂದುತ್ತದೆ, ನನಗೆ ಅವರ ತೊಡಕು ಅರ್ಥವಾದದ್ದು ಇಂಗ್ಲಿಷಿನ ಮೂಲಕವಲ್ಲ, ಕನ್ನಡದ ಮೂಲಕ.

ಹಾಗೆಂದು ಚೀನೀ ಭಾಷೆ ಎಲ್ಲ ಕಡೆ ಒಂದೇ ಪದದಲ್ಲಿ ತೃಪ್ತವಾಗುತ್ತದೆ ಎಂದಲ್ಲ. ಕಣ್ಣಿಗೆ ‘ಚಂಗ್‌ಖಾಯ್’, ಬಾಯಿಗೆ ‘ಚಾಂಗ್‌ಖಾಯ್’, ಪುಸ್ತಕಕ್ಕೆ ಮಗುಚುವ ಅರ್ಥದ ‘ಫಾನ್‌ಖಾಯ್’, ಕೊಡೆಗೆ ಆಸರೆ ಕೊಟ್ಟು ಹರಡುವ ಅರ್ಥದ ‘ಛಂಗ್‌ಖಾಯ್’: ಮೊದಲ ಪದ ಕೈ ಅಥವಾ ಅಂಗ ಏನು ಮಾಡಿತು ಎಂಬುದನ್ನು ಹೇಳುತ್ತದೆ, ಎರಡನೆಯದು ಅದರ ಫಲವನ್ನು. ಇಂಗ್ಲಿಷ್ ಇವೆಲ್ಲಕ್ಕೂ ‘ಓಪನ್’ ಒಂದನ್ನೇ ಹಾಕುತ್ತದೆ. ಹೀಗೆ ಒಂದು ಕಡೆ ‘ಖಾಯ್’ ಅಗಲ, ಇನ್ನೊಂದು ಕಡೆ ‘ಓಪನ್’ ಅಗಲ. ಎರಡನ್ನೂ ಸಮವೆಂದು ಪಟ್ಟಿಯಲ್ಲಿ ಬರೆದುಕೊಡುವುದೇ ಮೊದಲ ತಪ್ಪು ಎಂದು ನನ್ನ ದೃಢವಾದ ಅಭಿಪ್ರಾಯ. ಕ್ರಿಯಾಪದವನ್ನು ಒಂಟಿಯಾಗಿ ಕಲಿಸದೆ ಅದರ ಕರ್ಮಪದದೊಡನೆ, ದೀಪದೊಡನೆ, ನಲ್ಲಿಯೊಡನೆ, ಖಾತೆಯೊಡನೆ ಕಲಿಸಬೇಕು.

ಕನ್ನಡಿಗರಿಗೆ ‘ಖಾಯ್’ ಪದವನ್ನು ಯಾವ ಪದದಿಂದ ವಿವರಿಸಬೇಕು ಎಂಬುದು ನನ್ನ ಮುಖ್ಯ ವಿಷಯ. ‘ತೆರೆ’ ಎಂದು ಬರೆಯುವುದು ವಾಡಿಕೆ. ನಾನು ‘ಬಿಡು’ ಎಂದು ಬರೆಯಬೇಕೆನ್ನುತ್ತೇನೆ. ಕಣ್ಣು ಬಿಡುತ್ತೇವೆ, ಬಾಯಿ ಬಿಡುತ್ತೇವೆ, ನಲ್ಲಿ ಬಿಡುತ್ತೇವೆ, ಗಿಡ ಹೂ ಬಿಡುತ್ತದೆ. ದಕ್ಷಿಣ ಕನ್ನಡದಲ್ಲಿ ಕಾರು ಬಿಡಲು ಬರುತ್ತದೆಯೇ ಎಂದು ಕೇಳುತ್ತಾರೆ. ತೋಟದ ಮನೆಗಳಲ್ಲಿ ‘ಈಗ ಕರೆಂಟ್ ಬಿಟ್ಟಿದ್ದಾರೆ, ಮೋಟರ್ ಹಾಕಿ ಬಾ’ ಎನ್ನುತ್ತಾರೆ. ಹಿಡಿದದ್ದನ್ನು ಸಡಿಲಿಸಿದ ಕೂಡಲೇ ಹರಿಯತೊಡಗುವುದು, ಚಲಿಸತೊಡಗುವುದು, ಅರಳುವುದು, ಈ ಮೂರೂ ಅರ್ಥಗಳು ‘ಬಿಡು’ವಿನಲ್ಲಿಯೂ ‘ಖಾಯ್’ನಲ್ಲಿಯೂ ಒಟ್ಟಿಗೆ ಇವೆ. ಎರಡೂ ದಾರಿ ಬೇರೆಯಾಗುವ ಜಾಗವೂ ಇದೆ: ಶಾಲೆ ‘ಖಾಯ್’ ಆಯಿತು ಎಂದರೆ ಮಕ್ಕಳು ಒಳಗೆ ಹೋದರು, ಶಾಲೆ ಬಿಟ್ಟಿತು ಎಂದರೆ ಮಕ್ಕಳು ಹೊರಗೆ ಬಂದರು.

ಬಲ್ಲವರಲ್ಲಿ ನನ್ನ ಪ್ರಶ್ನೆ ಇದು. ಕರೆಂಟನ್ನು ಬಿಡುವ ನಾವು, ಅದರಿಂದ ಉರಿಯುವ ದೀಪಕ್ಕೆ ಅಥವಾ ತಿರುಗುವ ಫ್ಯಾನಿಗೆ ‘ಬಿಡು’ ಎಂದು ಹೇಳುವ ಊರು ಕರ್ನಾಟಕದಲ್ಲಿ ಎಲ್ಲಾದರೂ ಇದೆಯೇ? ಇದ್ದರೆ, ಯಾವ ತಾಲ್ಲೂಕಿನಲ್ಲಿ, ಯಾರ ಬಾಯಲ್ಲಿ, ಯಾವ ವಾಕ್ಯದಲ್ಲಿ ಕೇಳಿದಿರಿ ಎಂಬುದನ್ನು ದಯವಿಟ್ಟು ಇದ್ದ ಹಾಗೆಯೇ ಬರೆದು ತಿಳಿಸಬೇಕು. ಆರಿಸುವುದಕ್ಕೆ ಅದೇ ಮನೆಯಲ್ಲಿ ಯಾವ ಪದ ಬಳಸುತ್ತಾರೆ ಎಂಬುದನ್ನೂ ಸೇರಿಸಿದರೆ ಉಪಕಾರವಾಗುತ್ತದೆ.