ದಾರವಿಲ್ಲದ ಸೂಜಿ ಕೆಲಸಕ್ಕೆ ಕನ್ನಡದಲ್ಲಿ ಏನನ್ನಬೇಕು?

ಬಳಗದವರೆಲ್ಲರಿಗೂ ಪುಣೆಯಿಂದ ನಮಸ್ಕಾರ.

ಕಳೆದ ಮಳೆಗಾಲದಿಂದ ಕೋಥ್ರೂಡ್‌ನ ನಮ್ಮ ಮನೆಯಲ್ಲಿ ಅವ್ವ, ನಾನು, ಹತ್ತು ವರ್ಷದ ಮಗಳು ಮೂವರೂ ಊಟದ ಮೇಜಿನ ಸುತ್ತ ಕುಳಿತು ಉಣ್ಣೆಯಿಂದ ಪ್ರಾಣಿಗಳನ್ನು ಮಾಡಲು ಕಲಿಯುತ್ತಿದ್ದೇವೆ. ಇಂಗ್ಲಿಷಿನವರು ಇದನ್ನು ನೀಡಲ್ ಫೆಲ್ಟಿಂಗ್ ಎನ್ನುತ್ತಾರೆ. ರಾಣೆಬೆನ್ನೂರಿನಲ್ಲಿರುವ ತಂಗಿಗೆ ಫೋನಿನಲ್ಲಿ ‘ಸೂಜಿ ಕೆಲಸ’ ಎಂದು ಹೇಳಿದೆ. ಕಸೂತಿಯೇ ಎಂದು ಕೇಳಿದಳು. ಅಲ್ಲ, ಇದರಲ್ಲಿ ದಾರವೇ ಇಲ್ಲ ಎಂದೆ. ‘ದಾರವಿಲ್ಲದ ಮೇಲೆ ಸೂಜಿ ಏಕೆ?’ ಎಂದಳು. ಅವಳಿಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನ್ನಲ್ಲಿ ಪದವಿರಲಿಲ್ಲ. ಅದಕ್ಕಾಗಿ ಈ ಪತ್ರ.

ಕೆಲಸವನ್ನು ಮೊದಲು ವಿವರಿಸುತ್ತೇನೆ, ಪದ ಅದರೊಳಗಿಂದಲೇ ಬರಬೇಕು. ಹಿಂಜಿದ ಉಣ್ಣೆಯನ್ನು ಉಂಡೆ ಮಾಡಿ, ದಪ್ಪ ಸ್ಪಂಜಿನ ಮೇಲಿಟ್ಟು, ಸೂಜಿಯಿಂದ ಮತ್ತೆ ಮತ್ತೆ ಚುಚ್ಚುತ್ತಾ ಹೋಗುವುದು. ಈ ಸೂಜಿಗೆ ಕಣ್ಣಿಲ್ಲ. ಮೂರು ಅಂಚಿನ ಮೈ, ಆ ಅಂಚುಗಳಲ್ಲಿ ಕಣ್ಣಿಗೆ ಕಾಣುವಷ್ಟೇ ಸಣ್ಣ ಕಚ್ಚುಗಳು. ಒಳಗೆ ಹೋಗುವಾಗ ಕಚ್ಚು ಎಳೆಗಳನ್ನು ಹಿಡಿದು ಒಳಕ್ಕೆಳೆಯುತ್ತದೆ, ಹೊರಬರುವಾಗ ಅಲ್ಲೇ ಬಿಟ್ಟು ಬರುತ್ತದೆ. ಉಣ್ಣೆಯ ಪ್ರತಿ ಎಳೆಯ ಮೇಲೂ ಮೀನಿನ ಹುರುಪೆಯಂಥ ಸಣ್ಣ ಪದರಗಳಿರುವುದರಿಂದ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡುವುದಿಲ್ಲ. ಹತ್ತಿಗೆ ಈ ಗುಣವಿಲ್ಲ. ಎರಡೂ ಕೈಯಲ್ಲಿ ಹಿಡಿಯುವಷ್ಟು ಉಬ್ಬಿದ ಉಣ್ಣೆ ಕೊನೆಗೆ ನಿಂಬೆಹಣ್ಣಿನಷ್ಟಾಗಿ, ಒತ್ತಿದರೆ ಬಗ್ಗದ ಬೆಕ್ಕಿನ ತಲೆಯಾಗುತ್ತದೆ. ಆಕಾರ ಕೂಡಿಸಲು 36 ನಂಬರಿನ ಸೂಜಿ, ಕಣ್ಣು ಮೂಗು ತಿದ್ದಲು 40. ನೂಲಿನ ನಂಬರಿನ ಹಾಗೆಯೇ, ಸಂಖ್ಯೆ ಹೆಚ್ಚಿದಷ್ಟೂ ತೆಳುವು.

ಕಾರ್ಖಾನೆಯ ಯಂತ್ರಗಳಿಗಿದ್ದ ಈ ಸೂಜಿಯನ್ನು ಅಮೆರಿಕದ ಕೈಕಸುಬಿನವರು ಗೊಂಬೆಗಳಿಗೆ ಬಳಸಲು ತೊಡಗಿದ್ದು 1980ರ ದಶಕದಲ್ಲಿ. ಹೀಗಾಗಿ ಈ ಕಸುಬಿಗೆ ಹಳೆಯ ಕನ್ನಡ ಪದ ಇರಲಾರದು. ಆದರೆ ನೇಯದೆ, ಉಣ್ಣೆಯನ್ನು ನೀರಿನಲ್ಲಿ ನೆನೆಸಿ, ಸುತ್ತಿ, ಉರುಳಿಸಿ ಬಟ್ಟೆ ಮಾಡುವುದು ಬಹಳ ಹಳೆಯ ವಿದ್ಯೆ. ಕಾಶ್ಮೀರದವರ ನಮ್ದಾ ಅದೇ. ಕೊಲ್ಲಾಪುರದ ಕಡೆಯಿಂದ ಬಂದ ನಮ್ಮ ನೆರೆಮನೆಯ ಮಾವಶಿ ನಮ್ಮ ಗೊಂಬೆಯನ್ನು ಮುಟ್ಟಿ ನೋಡಿದ ತಕ್ಷಣ ‘ಹೇ ತರ್ ಜೇನ್’ ಎಂದರು. ಅವರ ಊರಿನ ಕಡೆ ಪಿಂಜಾರಿಗಳು ಕುರಿಯ ಉಣ್ಣೆಯಿಂದ ಮಾಡುವ, ನೇಯ್ಗೆಯಿಲ್ಲದ ಹಾಸಿಗೆ ‘ಜೇನ್’ ಎಂದು ಹೆಸರು. ನೇಯ್ದದ್ದು ಮಾತ್ರ ಘೋಂಗಡಿ, ನಮ್ಮ ಕಂಬಳಿ. ಮರಾಠಿ ಈ ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡಿದೆ. ಕನ್ನಡದ ಪಿಂಜಾರರ, ನದಾಫರ ಮನೆಗಳಲ್ಲಿ ಇಂಥದ್ದೇ ಒಂದು ಹೆಸರು ಉಳಿದಿರಬೇಕೆಂದು ನನ್ನ ಬಲವಾದ ನಂಬಿಕೆ. ಮಾವಶಿಯ ಪದವನ್ನೇ ತರೋಣವೆಂದರೆ ಕನ್ನಡದ ಕಿವಿಗೆ ಅದು ಜೇನುಹುಟ್ಟಾಗಿಬಿಡುತ್ತದೆ.

ಕೆಲಸದ ಉಳಿದ ಭಾಗಗಳಿಗೆ ಅವ್ವನ ಬಾಯಲ್ಲಿ ಪದಗಳು ಸಿದ್ಧವಾಗಿಯೇ ಇದ್ದವು. ಕುರಿಯ ಮೈಯಿಂದ ಕತ್ತರಿಸಿದ್ದು ತುಪ್ಪಟ. ಅದನ್ನು ಬಿಡಿಸುವುದು ಹಿಂಜುವುದು. ಮರಾಠಿಯವರು ಪಿಂಜಣೆ ಎನ್ನುವುದು ಇದನ್ನೇ. ಪೊಟ್ಟಣದ ಮೇಲಿನ ‘ರೋವಿಂಗ್’ ಎಂಬ ಪದವನ್ನು ಮಗಳು ಓದಿದಾಗ ಅವ್ವ ಆ ಉದ್ದನೆಯ ಸುರುಳಿಯನ್ನು ಕೈಯಲ್ಲಿ ಹಿಡಿದು ನೋಡಿ ‘ಇದು ಹಂಜಿ’ ಎಂದಳು. ಚರಕದಲ್ಲಿ ನೂಲುವ ಮೊದಲು ಹತ್ತಿಯನ್ನು ಹೊಸೆದಿಡುವ ಹಂಜಿ! ಮಗಳು ಈಗ ಬೇರೆ ಪದ ಬಳಸುವುದಿಲ್ಲ. ನನಗೆ ಆ ದಿನ ಆದ ಸಂತೋಷ ದೊಡ್ಡದು.

ತೊಡಕಿರುವುದು ನಡುವಿನ ಆ ಒಂದು ಕ್ರಿಯೆಗೆ. ನನಗೆ ಮೊದಲು ಹೊಳೆದದ್ದು ‘ಜಡೆಗಟ್ಟಿಸು’. ಆಗುವುದೂ ಅದೇ ತಾನೆ? ಎಳೆಗಳು ಬಿಡಿಸಲಾಗದಂತೆ ಒಂದಾಗುತ್ತವೆ. ಅವ್ವ ಬೇಡವೆಂದಳು. ಹೆಣ್ಣುಮಗುವಿನ ತಲೆಯಲ್ಲಿ ಜಡೆ ಮೂಡಿದರೆ ಎಲ್ಲಮ್ಮ ಕರೆದಳೆಂದು ದೇವರಿಗೆ ಬಿಡುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಕರ್ನಾಟಕದಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. ಅವಳ ಓರಗೆಯವರಿಗೆ ಅದು ತಡವಾಯಿತು. ಮಕ್ಕಳ ಆಟಿಕೆಗೆ ಆ ಮಾತನ್ನು ಹಚ್ಚಬಾರದು ಎಂಬ ಅವಳ ತೀರ್ಪನ್ನು ನಾನು ಒಪ್ಪಿದ್ದೇನೆ. ನಿಘಂಟು ಒಪ್ಪಿದರೂ ನಾನು ಆ ಪದವನ್ನು ಬಳಸಲಾರೆ.

‘ಚುಚ್ಚುಗೊಂಬೆ’ ಎಂದು ಮಗಳು ಸೂಚಿಸಿದಳು. ಚುಚ್ಚುವುದು ಸಾಧನದ ಕೆಲಸ, ಉಣ್ಣೆಗೆ ಏನಾಗುತ್ತದೆ ಎಂಬುದು ಅದರಲ್ಲಿ ಇಲ್ಲ. ಮೇಲಾಗಿ ಮಾಟದ ಗೊಂಬೆಯ ನೆನಪಾಗುತ್ತದೆ. ‘ನಾದು’ ಹಿಟ್ಟಿಗೆ ಸೇರಿದ್ದು, ನೀರು ಹಾಕಿ ಮಾಡುವ ವಿಧಾನಕ್ಕಾದರೆ ಒಪ್ಪಬಹುದು. ಸದ್ಯಕ್ಕೆ ನನ್ನ ಮನಸ್ಸು ‘ಗಟ್ಟಿಸು’ ಎಂಬಲ್ಲಿ ನಿಂತಿದೆ. ಹೊಸ ಮನೆಯ ಮಣ್ಣಿನ ನೆಲವನ್ನು ಬಡಿದು ಬಡಿದು ಗಟ್ಟಿಸುತ್ತಿದ್ದರಲ್ಲ, ಹಾಗೆ ಸಡಿಲವಾದದ್ದನ್ನು ಏನನ್ನೂ ಬೆರೆಸದೆ, ಬರಿಯ ಪೆಟ್ಟಿನಿಂದ ಬಿಗಿ ಮಾಡುವುದು. ‘ಉಣ್ಣೆ ಗಟ್ಟಿಸುವುದು’, ‘ಗಟ್ಟಿಸಿದ ಉಣ್ಣೆ’, ‘ಗಟ್ಟುಣ್ಣೆ’ ಎಂದೆಲ್ಲ ಹೇಳಿ ನೋಡಿದೆ. ಮೊದಲ ಎರಡು ನಾಲಿಗೆಗೆ ಸಲೀಸು, ಮೂರನೆಯದು ಇನ್ನೂ ಹೊಸದೆನಿಸುತ್ತದೆ. ಸೂಜಿಗೆ ‘ಕಚ್ಚುಸೂಜಿ’ ಎಂದಿಟ್ಟಿದ್ದೇವೆ. ಕಚ್ಚು ಇರುವ ಸೂಜಿಯೂ ಹೌದು, ಎಳೆಯನ್ನು ಕಚ್ಚುವ ಸೂಜಿಯೂ ಹೌದು. ಇದರ ಬಗ್ಗೆ ನನಗೆ ಅನುಮಾನವಿಲ್ಲ.

ಚಳ್ಳಕೆರೆ, ರಾಣೆಬೆನ್ನೂರು ಸೀಮೆಯವರಲ್ಲಿ, ಕುರಿ ಕಂಬಳಿಗಳ ಒಡನಾಟವಿರುವ ಎಲ್ಲರಲ್ಲಿ ನನ್ನ ಕೇಳಿಕೆ ಇಷ್ಟು. ಕಂಬಳಿಯನ್ನು ನೆನೆಸಿ ತುಳಿದಾಗ ಅದು ದಪ್ಪವಾಗಿ, ನೇಯ್ಗೆಯ ಸಂದು ಮುಚ್ಚಿಕೊಳ್ಳುತ್ತದೆ. ಹಾಗೆ ಆದದ್ದಕ್ಕೆ ನಿಮ್ಮ ಮನೆಯ ಹಿರಿಯರು ಏನು ಹೇಳುತ್ತಾರೆ? ಉಣ್ಣೆಯ ಸ್ವೆಟರನ್ನು ಬಿಸಿನೀರಿಗೆ ಹಾಕಿ ಒಗೆದರೆ ಅದು ಚಿಕ್ಕದಾಗಿ ಒರಟಾಗುತ್ತದಲ್ಲ, ಅದೂ ಇದೇ ಕ್ರಿಯೆ. ‘ಕುಗ್ಗಿತು’ ಎನ್ನುವುದನ್ನು ಬಿಟ್ಟು ಬೇರೆ ಮಾತು ಕೇಳಿದ್ದರೆ, ಯಾವ ಊರಿನದು, ಯಾರ ಬಾಯಿಂದ ಕೇಳಿದ್ದು ಎಂಬುದನ್ನೂ ಸೇರಿಸಿ ಬರೆಯಿರಿ. ಅವ್ವ ಈಗ ದಖನಿ ಕುರಿಯ ಕರಿಯ ತುಪ್ಪಟದಲ್ಲಿ ಒಂದು ಟಗರನ್ನು ಮಾಡುತ್ತಿದ್ದಾಳೆ. ಕೂದಲು ಒರಟು, ಕೊಂಬು ಇನ್ನೂ ನಿಂತಿಲ್ಲ. ಅದು ಮುಗಿಯುವುದರೊಳಗೆ ಅವಳಿಗೆ ಓದಿ ಹೇಳಲು ನಿಮ್ಮ ಉತ್ತರಗಳು ಬೇಕು.