ದಾಟು, ಹಾಯು, ಹಿಂದಿಕ್ಕು: ರೈಲಿನ ಲೆಕ್ಕಕ್ಕೆ ಯಾವ ಪದ?

ರೈಲಿನ ಲೆಕ್ಕಗಳಲ್ಲಿ ಬರುವ ‘ದಾಟು’ ಬಗ್ಗೆ ನನಗೊಂದು ಅನುಮಾನ.

ಲೆಕ್ಕ ಹೀಗಿತ್ತು. 150 ಮೀಟರ್ ಉದ್ದದ ರೈಲು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಎದುರಿನಿಂದ 100 ಮೀಟರ್ ಉದ್ದದ ಇನ್ನೊಂದು ರೈಲು 36 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ಒಂದನ್ನೊಂದು ದಾಟಲು ಎಷ್ಟು ಹೊತ್ತು? ಗಂಟೆಯ ಕಿಲೋಮೀಟರನ್ನು ಸೆಕೆಂಡಿನ ಮೀಟರಿಗೆ ತರಲು 5/18ರಿಂದ ಗುಣಿಸಿದರೆ ಸೆಕೆಂಡಿಗೆ 15 ಮೀಟರ್, 10 ಮೀಟರ್. ಎದುರುಬದುರು ಬರುತ್ತಿವೆ, ಹಾಗಾಗಿ ಕೂಡಬೇಕು: 25. ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗಿ ಇಲ್ಲಿಯವರೆಗೆ ಸರಿಯಾಗೇ ಬಂದಳು. ಆಮೇಲೆ 150ನ್ನು 25ರಿಂದ ಭಾಗಿಸಿ 6 ಸೆಕೆಂಡ್ ಅಂದಳು. ಪುಸ್ತಕದ ಉತ್ತರ 10. ಎರಡೂ ಉದ್ದ ಸೇರಿಸಿ 250 ಅಂತ ಹಿಡಿಯಬೇಕಿತ್ತು.

ಆದರೆ ಅವಳ 6 ಪೂರ್ತಿ ತಪ್ಪೇನಲ್ಲ. ಎದುರಿನ ರೈಲಿನಲ್ಲಿ ಕಿಟಕಿ ಪಕ್ಕ ಕೂತವರ ಮುಂದೆ ಈ ರೈಲು ಸರಿದುಹೋಗಲು ಬೇಕಾಗುವುದು ಅಷ್ಟೇ ಹೊತ್ತು. ಅವಳು ಬೇರೆ ಪ್ರಶ್ನೆಗೆ ಸರಿಯುತ್ತರ ಕೊಟ್ಟಿದ್ದಳು, ಅಲ್ವಾ?

ನನಗನ್ನಿಸುವುದು, ತೊಡಕು ಇರುವುದು ಪದದಲ್ಲಿ. ನಾವು ಹೊಳೆ ದಾಟುತ್ತೇವೆ, ಹೊಸ್ತಿಲು ದಾಟುತ್ತೇವೆ. ದಾಟುವವರ ಉದ್ದವನ್ನು ಯಾರೂ ಅಳೆಯುವುದಿಲ್ಲ. ರೈಲಿಗೆ ಮಾತ್ರ ಬಾಲವೂ ದಾಟಬೇಕು. ಕಂಬ ದಾಟಿದರೆ ತನ್ನುದ್ದ ಸಾಕು, ಸೇತುವೆ ದಾಟಿದರೆ ಸೇತುವೆಯ ಉದ್ದವೂ ಸೇರುತ್ತದೆ. ಇನ್ನು, ಹಳಿ ದಾಟುವುದೆಂದರೆ ಅಡ್ಡ ಹಾಯುವುದು. ಆ ಅರ್ಥದಲ್ಲಿ ಎರಡು ರೈಲುಗಳು ಒಂದನ್ನೊಂದು ದಾಟಿದರೆ ಲೆಕ್ಕ ಮಾಡಲು ಯಾರೂ ಉಳಿಯುವುದಿಲ್ಲ!

‘ಹಾಯು’ ಹೇಗೆ ಅಂತ ನೋಡಿದೆ. ‘ಹಾದುಹೋಗು’ ಚೆನ್ನಾಗಿದೆ, ಆದರೆ ಬರೀ ‘ಹಾಯು’ ಅಂದರೆ ಎತ್ತು ಕೊಂಬಿನಿಂದ ಹಾಯುವುದು ನೆನಪಾಗುತ್ತದೆ. ಒಂದೇ ದಿಕ್ಕಿಗೆ ಹೋಗುವಾಗ ‘ಹಿಂದಿಕ್ಕು’ ಇದೆ. ಮೇಲಿನ ರೈಲುಗಳೇ ಆದರೆ ವೇಗ 15ರಲ್ಲಿ 10 ಕಳೆದು 5, ಹೊತ್ತು 50 ಸೆಕೆಂಡ್. ಅಲ್ಲೂ ಅದೇ ಗೋಳು. ಓಟದಲ್ಲಿ ಮೂಗು ಮುಂದಾದರೆ ಸಾಕು, ಹಿಂದಿಕ್ಕಿದಂತೆಯೇ.

ಹೀಗೆ ಕೂಡಿ ಬಂದ 25ಕ್ಕೂ ಕಳೆದು ಬಂದ 5ಕ್ಕೂ ಇರುವ ಹೆಸರು ‘ಸಾಪೇಕ್ಷ ವೇಗ’. ಅದರ ಬಗ್ಗೆಯೂ ಅವಳು ಕೇಳಿದಳು, “ರೈಲಿಗೆ ಏನು ಅಪೇಕ್ಷೆ?” ಅಂತ. ನಗು ಬಂತು. ಸಂಸ್ಕೃತದ ಆ ಪದದೊಳಗೆ ‘ನೋಡು’ ಅನ್ನುವ ಧಾತುವಿದೆ, ಕನ್ನಡದಲ್ಲಿ ನಮಗೆ ಬಳಕೆಯಲ್ಲಿ ಉಳಿದದ್ದು ಆಸೆ ಅನ್ನುವ ಅರ್ಥವೇ ಜಾಸ್ತಿ. ‘ಆ ರೈಲಿನಿಂದ ನೋಡಿದಾಗ ಈ ರೈಲಿನ ವೇಗ’ ಅಂದೆ. ತಕ್ಷಣ ಹಿಡಿದಳು.

ಈಗ ನನ್ನ ಪ್ರಶ್ನೆ. ಮೂತಿಗೆ ಮೂತಿ ಸಿಕ್ಕಿದಾಗಿನಿಂದ ಬಾಲದಿಂದ ಬಾಲ ಬಿಡುವವರೆಗೆ, ಇಷ್ಟನ್ನೂ ಹೇಳುವ ಒಂದೇ ಪದ ನಿಮ್ಮ ಮಾತಿನಲ್ಲಿ ಇದೆಯೇ? ಸದ್ಯಕ್ಕೆ ನಾನು ‘ಪೂರ್ತಿ ದಾಟಲು’ ಅಂತ ಬರೆಸುತ್ತಿದ್ದೇನೆ.