ಸ್ಟಾರ್ (*) ಹಾಕಿ ಫೈಲ್ ಹುಡುಕಿದ್ರ ಅರ್ಧಾನೇ ಸಿಗ್ತಾವ್ರಿ, ಅನುಭವ ಇದ್ದವ್ರು ಹೇಳ್ರಿ

ಹಡಪ್ಸರ್, ಪುಣೆ:
ಎಲ್ಲಾರಿಗೂ ನಮಸ್ಕಾರ್ರಿ. ನಾ ಇಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸಿನ್ಯಾಗ ಬಿಲ್ಟಿ (ಸರಕು ಸಾಗಿಸೋ ರಸೀದಿ) ಸ್ಕ್ಯಾನ್ ಮಾಡಿ ಇಡೋ ಕೆಲಸ ನೋಡ್ಕೋತೀನಿ, ತಿಂಗಳಾ ತಿಂಗಳಾ ಅವನ್ನ ಬ್ಯಾರೆ ಫೋಲ್ಡರಿಗೆ ಸರಿಸಾಕ ಪೈಥಾನ್‌ನ್ಯಾಗ ಸಣ್ಣದೊಂದು ಸ್ಕ್ರಿಪ್ಟ್ ಬರ್ದೀನಿ. ಗ್ಲಾಬ್‌ಗೆ (ಹೆಸರಿನ ಪ್ಯಾಟರ್ನ್, ಅಂದ್ರ ನಮೂನಿ, ನೋಡಿ ಫೈಲ್ ಹುಡುಕೋ ಪೈಥಾನ್ ಮಾಡ್ಯೂಲಿಗೆ) *.ಪಿಡಿಎಫ್ ಅಂತ ಕೊಟ್ರ ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನ್ಯಾಗ ಎಲ್ಲಾ ಬರ್ತಾವ, ಅದ ಸ್ಕ್ರಿಪ್ಟ್ ಲಿನಕ್ಸ್ ಸರ್ವರ್ ಮ್ಯಾಲೆ ಓಡಿಸಿದ್ರ ಸ್ಕ್ಯಾನರಿಂದ ಬಂದಿದ್ದು ಒಂದೂ ಇಲ್ಲ. ಇನ್ನ [ಪುಣೆ]_ಬಿಲ್ಟಿ_04 ಅಂಥಾ ಹೆಸರಿದ್ರ, ಬ್ರ್ಯಾಕೆಟ್ ಸಮೇತ ಹಂಗಽ ಪ್ಯಾಟರ್ನ್‌ನ್ಯಾಗ ಬರ್ದ್ರೂ ಎರಡೂ ಕಡೆ ಸಿಗೂದಿಲ್ಲ.

ಠಾಣೆ:
ಮಾರಾಯ್ರೆ, ಸ್ಕ್ಯಾನರ್ ಕೊಟ್ಟ ಹೆಸರಿನ ಬಾಲ (ಪಿಡಿಎಫ್ ಅನ್ನುವ ಭಾಗ) ಕ್ಯಾಪಿಟಲ್ ಅಕ್ಷರದಲ್ಲಿ ಉಂಟಾ ನೋಡಿ ಮೊದಲು. ವಿಂಡೋಸ್‌ನಲ್ಲಿ ಪೈಥಾನಿಗೆ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ, ಲಿನಕ್ಸ್‌ನಲ್ಲಿ ಬೇರೆ ಬೇರೆ. ಪೈಥಾನ್ 3.12 ಇದ್ರೆ ಪಾಥ್‌ಲಿಬ್ ಅನ್ನುವ ಇನ್ನೊಂದು ಮಾಡ್ಯೂಲಿನ ಗ್ಲಾಬ್‌ಗೆ ಕೇಸ್ ಸೆನ್ಸಿಟಿವ್ ಅನ್ನುವ ಆಯ್ಕೆ ಬಂದಿದೆ, ಅದಕ್ಕೆ ಫಾಲ್ಸ್ ಕೊಡಿ. ಹಳೆಯದಾದ್ರೆ ಫೋಲ್ಡರಿನ ಪಟ್ಟಿ ತೆಗೆದು ಹೆಸರನ್ನು ಲೋವರ್ (ಸಣ್ಣಕ್ಷರ) ಮಾಡಿ, ಎಫ್‌ಎನ್‌ಮ್ಯಾಚ್ ಮಾಡ್ಯೂಲಿನಲ್ಲಿ ಹೆಸರನ್ನು ಪ್ಯಾಟರ್ನಿಗೆ ಹೋಲಿಸುವ ಎಫ್‌ಎನ್‌ಮ್ಯಾಚ್‌ಕೇಸ್‌ಗೆ ಕೊಡಿ, ಬರೀ ಎಫ್‌ಎನ್‌ಮ್ಯಾಚ್ ಬೇಡ, ಅದು ಸಿಸ್ಟಮ್ ನೋಡಿ ಬಣ್ಣ ಬದಲಾಯಿಸ್ತದೆ. ನಾನು ಯಾವಾಗಲೂ ಹೀಗೇ ಮಾಡುವುದು.

ಬ್ರ್ಯಾಕೆಟ್ಟಿನ ಕಥೆ ಬೇರೆ. ಪ್ಯಾಟರ್ನ್‌ನಲ್ಲಿ [ಪುಣೆ] ಅಂದ್ರೆ ಪುಣೆ ಊರಲ್ಲ, ಒಳಗೆ ಬರೆದ ಗುರುತುಗಳಲ್ಲಿ ಯಾವುದಾದ್ರೂ ಒಂದು ಅಂತ ಲೆಕ್ಕ. ಆ ಹೆಸರನ್ನು ಗ್ಲಾಬ್‌ನ ಎಸ್ಕೇಪ್ ಫಂಕ್ಷನ್ನಿಗೆ ಹಾಕಿ ತೆಗೀರಿ, ಇಲ್ಲಾ ತೆರೆಯುವ ಬ್ರ್ಯಾಕೆಟ್ಟನ್ನೇ [[] ಅಂತ ಬರೀರಿ. [1-31] ಅಂತ ಬರೆದು ಇಡೀ ತಿಂಗಳಿನ ತಾರೀಖು ಬಂತು ಅಂದುಕೊಳ್ಳುವವರೂ ಬೇಕಾದಷ್ಟು ಜನ ಇದ್ದಾರೆ, ಅದು ಹಿಡಿಯುವುದು 1, 2, 3ರಲ್ಲಿ ಒಂದೇ ಒಂದು ಅಂಕೆ.

ಚಿಂಚವಡ, ಪುಣೆ:
ಇಷ್ಟೆಲ್ಲಾ ಯಾಕೆ ಸರ್, ರೆಜೆಕ್ಸ್ (ಪಠ್ಯ ಹುಡುಕೋ ಇನ್ನೊಂದು ಪ್ಯಾಟರ್ನ್ ಭಾಷೆ) ಕಲ್ತುಬಿಡಿ, ಎಲ್ಲಾ ಒಂದೇ ಸಲಕ್ಕೆ ಮುಗೀತದೆ.

ಡೊಂಬಿವಲಿ:
ಬೇಡ ಸರ್, ಬಿಲ್ಟಿ ಫೈಲ್ ಸರಿಸೋಕೆ ರೆಜೆಕ್ಸ್ ಬೇಕಿಲ್ಲ. ಅದ್ರಲ್ಲಿ ಸ್ಟಾರ್ ಅಂದ್ರೆ ಹಿಂದೆ ಇರೋದು ಎಷ್ಟು ಸಲ ಬೇಕಾದ್ರೂ ಬರ್ಬಹುದು, ಒಂದೂ ಇಲ್ದೆ ಇರ್ಬಹುದು ಅಂತ, ಚುಕ್ಕಿ ಅಂದ್ರೆ ಯಾವ ಅಕ್ಷರ ಆದ್ರೂ ಸರಿ ಅಂತ, ಗ್ಲಾಬ್‌ನಲ್ಲಿ ಸ್ಟಾರ್ ಒಂದೇ ಆ ಎರಡೂ ಕೆಲಸ ಮಾಡುತ್ತೆ, ಚುಕ್ಕಿ ಬರೀ ಚುಕ್ಕಿ, ಎರಡನ್ನೂ ಬೆರೆಸಿದ್ರೆ ನಾಳೆ ಆ ಸ್ಕ್ರಿಪ್ಟ್ ಮುಟ್ಟೋ ಇನ್ನೊಬ್ರ ಗತಿ ಏನು. ತೀರಾ ಬೇಕಾದ್ರೆ ಎಫ್‌ಎನ್‌ಮ್ಯಾಚ್‌ನಲ್ಲೇ ಟ್ರಾನ್ಸ್‌ಲೇಟ್ ಅಂತ ಇದೆ, ಪ್ಯಾಟರ್ನ್ ಕೊಟ್ರೆ ರೆಜೆಕ್ಸ್ ಮಾಡಿ ಕೊಡುತ್ತೆ.

ನಾನು ಹೇಳ್ಬೇಕು ಅಂದಿದ್ದು ಬೇರೆ. ಸ್ಟಾರನ್ನ ಬಿಡಿಸೋರು (ಅದರ ಜಾಗಕ್ಕೆ ಸಿಕ್ಕ ಫೈಲ್ ಹೆಸರುಗಳನ್ನ ತುಂಬೋರು) ಯಾರು ಅಂತ ಮೊದಲು ನೋಡ್ಕೊಳ್ಳಿ. ಲಿನಕ್ಸ್ ಟರ್ಮಿನಲ್‌ನಲ್ಲಿ ಸ್ಕ್ರಿಪ್ಟ್ ಹೆಸರಾದ್ಮೇಲೆ ಸ್ಟಾರ್ ಬರೆದ್ರೆ ಅದನ್ನ ಶೆಲ್ಲೇ (ನೀವು ಬರೆದ ಕಮಾಂಡ್ ಓದಿ ಓಡಿಸೋ ಪ್ರೋಗ್ರಾಮ್) ಬಿಡಿಸಿ ಬಿಡುತ್ತೆ, ನಿಮ್ಮ ಸ್ಕ್ರಿಪ್ಟಿನ ಕೈಗೆ ಬರೋದು ಹೆಸರುಗಳ ಪಟ್ಟಿ. ವಿಂಡೋಸ್‌ನ ಶೆಲ್ ಸಿಎಂಡಿ ಹಾಗಲ್ಲ, ಸ್ಟಾರನ್ನ ಇದ್ದ ಹಾಗೇ ದಾಟಿಸುತ್ತೆ, ಬಿಡಿಸೋದು ಪ್ರೋಗ್ರಾಮಿನ ಹಣೆಬರಹ. ಹಳೇ ಯೂನಿಕ್ಸ್‌ನಲ್ಲಿ, 1971ರ ಮೊದಲ ಆವೃತ್ತಿಯಿಂದಲೇ, ಈ ಕೆಲಸಕ್ಕೆ ಗ್ಲಾಬ್ ಅಂತ ಬೇರೆ ಪ್ರೋಗ್ರಾಮೇ ಇತ್ತು, ಪೈಥಾನ್‌ನ ಗ್ಲಾಬ್ ಹೆಸರು ಆ ಕಾಲದ್ದು. ಇನ್ನೊಂದು, ಏನೂ ಸಿಗದೇ ಹೋದ್ರೆ ಬ್ಯಾಶ್ ಅನ್ನೋ ಶೆಲ್ ಸುಮ್ಮನೆ ಪ್ಯಾಟರ್ನನ್ನೇ ಫೈಲ್ ಹೆಸರು ಅಂತ ಮುಂದಕ್ಕೆ ತಳ್ಳುತ್ತೆ, ಝಡ್‌ಶೆಲ್ ಎರರ್ ಕೊಟ್ಟು ನಿಲ್ಲುತ್ತೆ. ನನಗೆ ಝಡ್‌ಶೆಲ್ ಮಾಡೋದೇ ಸರಿ ಅನ್ಸುತ್ತೆ. ಫೈಲ್ ಹುಡುಕೋ ಫೈಂಡ್ ಕಮಾಂಡಿಗೆ ಪ್ಯಾಟರ್ನ್ ಕೊಡೋವಾಗ ಕೋಟ್ಸ್ ಒಳಗೇ ಇಡಿ, ಇಲ್ಲಾಂದ್ರೆ ಫೈಂಡ್‌ಗಿಂತ ಮೊದಲು ಶೆಲ್ ಅದಕ್ಕೆ ಕೈ ಹಾಕುತ್ತೆ. ಡಿಲೀಟ್ ಮಾಡೋದಿದ್ರೆ ಅಂತೂ ಅಳಿಸೋ ಆರ್‌ಎಂ ಕಮಾಂಡಿನ ಜಾಗದಲ್ಲಿ ಬರೀ ತೋರಿಸೋ ಎಕೋ ಹಾಕಿ ಏನೇನು ಬರುತ್ತೆ ನೋಡಿ, ಸ್ಟಾರಿಗೂ ಚುಕ್ಕಿಗೂ ಮಧ್ಯೆ ಒಂದು ಸ್ಪೇಸ್ ಬಿದ್ರೆ ಆ ಫೋಲ್ಡರಿನ ಫೈಲೆಲ್ಲಾ ಹೋಯ್ತು.

ವಾಸ್ಕೋ, ಗೋವಾ:
ಕನ್ನಡದಲ್ಲಿ ಹೆಸರು ಇಟ್ಟಿದ್ದೀರಲ್ಲ, ಹಾಗಿದ್ರೆ ? ಗುರುತನ್ನ ನೋಡ್ಕೊಂಡು ಬಳಸಿ. ಅದು ಒಂದಕ್ಷರಕ್ಕೆ ಒಂದು ಅಂತ ಎಲ್ಲಾ ಕಡೆ ಬರ್ದಿರ್ತಾರೆ, ಆದ್ರೆ ಪೈಥಾನ್ ಎಣಿಸೋದು ಯೂನಿಕೋಡ್ ತುಂಡುಗಳನ್ನ (ಒಂದೊಂದು ಗುರುತಿಗೂ ಕೊಟ್ಟ ಕೋಡ್). ಕ್ಷ ನಮ್ಮ ಕಣ್ಣಿಗೆ ಒಂದು, ಅದಕ್ಕೆ ಕ, ಹಲಂತ, ಷ ಸೇರಿ ಮೂರು, ಅಂದ್ರೆ ??? ಬೇಕು. ಪುಣೆ ಅನ್ನೋಕೆ ನಾಲ್ಕು ಬೇಕು. ಕನ್ನಡ ಅಂಕೆ ಇದ್ರೆ [0-9] ಹಿಡಿಯಲ್ಲ, [೦-೯] ಬರೀಬೇಕು. ಮರಾಠಿ ಹೆಸರಿನ ಫೈಲಿಗೂ ಇದೇ ಎಣಿಕೆ.

ಹಳೇ ಮ್ಯಾಕ್ ಡಿಸ್ಕಿಂದ ಬಂದ ಫೈಲ್ ಇದ್ರೆ ಇನ್ನೂ ತಲೆನೋವು. ಕೊ, ಕೋ ಇಂಥವುಗಳ ಸ್ವರಚಿಹ್ನೆ ಒಂದೇ ಕೋಡ್ ಆಗಿರಬಹುದು, ತುಂಡು ತುಂಡಾಗಿಯೂ ಇರಬಹುದು, ಸ್ಕ್ರೀನಿನ ಮೇಲೆ ಎರಡೂ ಒಂದೇ ಥರ ಕಾಣೋದ್ರಿಂದ ಯಾಕೆ ಮ್ಯಾಚ್ ಆಗ್ತಿಲ್ಲ ಅಂತ ಗೊತ್ತೇ ಆಗಲ್ಲ. ಹೆಸರು, ಪ್ಯಾಟರ್ನ್ ಎರಡನ್ನೂ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ ಕೊಟ್ಟು ಎನ್‌ಎಫ್‌ಸಿ (ತುಂಡುಗಳನ್ನ ಕೂಡಿಸಿದ ರೂಪ) ಮಾಡಿ ಆಮೇಲೆ ಹೋಲಿಸಿ.

ಹಡಪ್ಸರ್, ಪುಣೆ:
ಹೌದ್ರಿ, ಸ್ಕ್ಯಾನರಿನವು ಎಲ್ಲಾ ಕ್ಯಾಪಿಟಲ್ ಅದಾವ. ಮತ್ತ ಒಳಗಿನ ಫೋಲ್ಡರ್‌ನ್ಯಾಗಿನವು ಬರಬೇಕಂದ್ರ?  ಎರಡು ಸ್ಟಾರ್ (**) ಹಾಕಿ ನೋಡಿದ್ರೂ ಒಂದಽ ಫೋಲ್ಡರ್ ಒಳಗ ಇಳದು ನಿಂತತಿ.

ಠಾಣೆ:
ಗ್ಲಾಬ್‌ನ ರಿಕರ್ಸಿವ್ ಅನ್ನುವ ಆಯ್ಕೆಗೆ (ಒಳಗಿನ ಫೋಲ್ಡರುಗಳಿಗೂ ಇಳಿಯುವುದಕ್ಕೆ) ಟ್ರೂ ಕೊಡ್ಲಿಲ್ಲ ಅಂತ ಕಾಣ್ತದೆ, ಅದಿಲ್ಲದಿದ್ರೆ ಎರಡು ಸ್ಟಾರ್ ಬರೆದ್ರೂ ಒಂದೇ ಸ್ಟಾರಿನ ಲೆಕ್ಕ. ಚುಕ್ಕಿಯಿಂದ ಶುರುವಾಗುವ ಫೈಲನ್ನು ಗ್ಲಾಬ್ ಮಾಡ್ಯೂಲ್ ಬಿಟ್ಟುಬಿಡ್ತದೆ, ಎಫ್‌ಎನ್‌ಮ್ಯಾಚ್ ಬಿಡುವುದಿಲ್ಲ, ಅದೂ ನೆನಪಿರಲಿ. ಬರುವ ಕ್ರಮಕ್ಕೆ ಗ್ಯಾರಂಟಿ ಇಲ್ಲ, ಸಾರ್ಟೆಡ್ ಹಾಕಿಕೊಳ್ಳಿ, ಆಗಲೂ ಬಿಲ್ಟಿ_10 ಬಂದು ಬಿಲ್ಟಿ_2ರ ಮುಂದೆ ಕೂರ್ತದೆ, ನಿಮ್ಮ 04 ತರ ಎಲ್ಲದಕ್ಕೂ ಮುಂದೆ ಸೊನ್ನೆ ಇಟ್ರೆ ತೊಂದರೆ ಇಲ್ಲ.